ರೇಸ್ ಕೊಟ್ಟರೆ ಬಂದ್ ಬೀಳುವ ಗಾಡಿ

ಮಾವನವರೇ,

ನಿಮ್ಮ ಸ್ಕೂಟರಿಗೆ ಈ ಮಳೆಗಾಲದಲ್ಲಿ ಒಂದು ವಿಚಿತ್ರ ರೋಗ ಬಂದಿತ್ತು. ಕಿಕ್ ಹೊಡೆದರೆ ಮೊದಲನೇ ಏಟಿಗೇ ಚಾಲೂ ಆಗುತ್ತಿತ್ತು. ನಿಂತಲ್ಲಿ ಎಷ್ಟು ಹೊತ್ತು ಬಿಟ್ಟರೂ ಟುಕುಟುಕು ಅನ್ನುತ್ತ ಓಡುತ್ತಿತ್ತು. ವಸತಿ ಸೊಸೈಟಿಯ ಗೇಟು ದಾಟಿ, ಕೋಥರೂಡದ ಬಸ್ ಡೆಪೊ ದಾಟಿ, ನದಿಯ ಸೇತುವೆ, ನಮ್ಮ ಪೂಲಿನ ಏರು ಬಂತು, ಇನ್ನು ಸ್ವಲ್ಪ ರೇಸ್ ಕೊಡೋಣ ಅಂತ ಕೈ ತಿರುಗಿಸಿದರೆ ಸಾಕು, ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ ಗಕ್ ಅಂದು ಬಂದ್. ಹಿಂದಿನಿಂದ ಬಸ್ಸಿನವನ ಹಾರ್ನು, ಹಿಂದಿನ ಸೀಟಿನಲ್ಲಿ ನಿಮ್ಮ ಮಗ, ಕಾಲ ಕೆಳಗೆ ಹರಿಯುವ ಮಳೆನೀರು. ನಾಲ್ಕು ವಾರ ಹೀಗೇ ನಡೆಯಿತು. ಆ ನಾಲ್ಕು ವಾರದಲ್ಲಿ ನಿಮ್ಮನ್ನು ಎಷ್ಟು ಸಲ ನೆನೆದೆನೋ, ಎಷ್ಟು ಸಲ ಬೈದೆನೋ… ಈ ಮುದಿ ಗಾಡಿಯನ್ನು ನನ್ನ ಕೊರಳಿಗೆ ಕಟ್ಟಿ ಹೋದವರು ನೀವೇ ತಾನೇ?

ಮೊದಲು ನಿಮಗೆ ಗೊತ್ತಿಲ್ಲದ್ದನ್ನು ಹೇಳಿಬಿಡಬೇಕು. ನಿಮ್ಮನ್ನು ಸ್ಮಶಾನಕ್ಕೆ ಮುಟ್ಟಿಸಿ ಬಂದ ದಿನ ಇವರು ಗೋಡೆಗೆ ಆತುಕೊಂಡು ಕೂತಾಗ ಮುಖ ಬಾತ ಹಾಗೆ ಕಂಡಿತ್ತು. ಅತ್ತದ್ದಕ್ಕೆ ಅಂದುಕೊಂಡೆವು. ಅತ್ತು ಬಾತದ್ದಲ್ಲ ಅದು. ನಮಗೆ ಯಾರಿಗೂ ಕಾಣದ ಹಾಗೆ ಬಿಪಿ ಒಳಗೊಳಗೇ ಎರಡೂ ಮೂತ್ರಪಿಂಡಗಳನ್ನು ತಿಂದು ಹಾಕಿತ್ತು. ಎರಡು ವರ್ಷ ಮಾತ್ರೆಯ ಮೇಲೆ ದಿನ ದೂಡಿದೆವು. ಹೋದ ವರ್ಷದಿಂದ ಡಯಾಲಿಸಿಸ್. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಏಳಕ್ಕೆ ನದಿಯಾಚೆಯ ಆಸ್ಪತ್ರೆಯಲ್ಲಿ ಇರಬೇಕು. ನಾಲ್ಕು ತಾಸು ಮೈಯೊಳಗಿನ ರಕ್ತವನ್ನು ಹೊರಗೆ ಎಳೆದು, ಯಂತ್ರದಲ್ಲಿ ತೊಳೆದು, ತಿರುಗಿ ಒಳಗೆ ಬಿಡುತ್ತಾರೆ. ನನ್ನದೊಂದು ಮೂತ್ರಪಿಂಡ ಕೊಡುತ್ತೇನೆ ಅಂದೆ, ರಕ್ತದ ಗುಂಪೇ ಹೊಂದಲಿಲ್ಲ. ನೀವಿದ್ದಿದ್ದರೆ "ನಂದು ತಗೋರಿ" ಅಂತ ತೋಳು ಮಡಚಿ ನಿಲ್ಲುತ್ತಿದ್ದಿರಿ. ಎಪ್ಪತ್ತು ದಾಟಿದವರದು ಬೇಡ ಅಂದ ಡಾಕ್ಟರ ಜೊತೆ ಜಗಳವನ್ನೂ ತೆಗೆಯುತ್ತಿದ್ದಿರಿ, ಅಲ್ಲವೇ? ಮಕ್ಕಳಿಲ್ಲದ ಮನೆ. ನೀವು ಹೋದ ಮೇಲೆ ಇರುವವರು ನಾವಿಬ್ಬರೇ. ಕರೆದುಕೊಂಡು ಹೋಗುವವಳು ನಾನೇ, ಕರೆದುಕೊಂಡು ಬರುವವಳೂ ನಾನೇ. ನಡುವಿನ ನಾಲ್ಕು ತಾಸಿನಲ್ಲಿ ಡೆಕ್ಕನ್ನಿನ ವಿಮಾ ಕಚೇರಿಗೆ ಓಡಿಹೋಗಿ ಸಹಿ ಹಾಕಿ, ಒಂದಿಷ್ಟು ಫೈಲು ಸರಿಸಿ, ಮತ್ತೆ ಆಸ್ಪತ್ರೆಗೆ ಓಡಿಬರುವವಳೂ ನಾನೇ.

ನನಗೆ ಗಾಡಿ ಕಲಿಸಿದ ದಿನಗಳು ನಿಮಗೆ ನೆನಪಿವೆಯೇ? ತೊಂಬತ್ತೇಳು ಇರಬೇಕು. ಭೋಸರಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟರ್ ಆಗಿ ದುಡಿದು ನಿವೃತ್ತರಾಗಿದ್ದಿರಿ. ಕೈಗೆ ಕೆಲಸವಿಲ್ಲದೆ ಚಡಪಡಿಸುತ್ತಿದ್ದಿರಿ. ಇವರು ಕಾಲೇಜಿನ ಗ್ರಂಥಾಲಯದಿಂದ ಬಂದವರೇ ನಮ್ಮ ಎರಡನೇ ಮಹಡಿಯ ಗ್ಯಾಲರಿಯಲ್ಲಿ ಪುಸ್ತಕ ಹಿಡಿದು ಕೂತುಬಿಡುತ್ತಿದ್ದರು. "ಅನಂತಗ ಇದೆಲ್ಲಾ ಸೇರಾಂಗಿಲ್ಲ. ಮಗ ಪುಸ್ತಕಾ ಹಿಡದಾನ, ಸೊಸಿ ಹ್ಯಾಂಡಲ್ ಹಿಡೀಲಿ" ಅಂತ ಇಡೀ ಸೊಸೈಟಿಗೆ ಕೇಳುವ ಹಾಗೆ ಹೇಳಿ, ಸೀರೆ ಉಟ್ಟವಳನ್ನು ಗಾಡಿ ಮೇಲೆ ಕೂರಿಸಿ, ಅರವತ್ತೈದರ ವಯಸ್ಸಿನಲ್ಲಿ ಹಿಂದೆ ಹಿಂದೆ ಓಡಿದಿರಿ. "ಕ್ಲಚ್ ಬಿಡು! ಸಾವಕಾಶ! ಸಾವಕಾಶ ಅಂದ್ನೆಲ್ಲ!" ಅಂತ ನೀವು ಕೂಗುತ್ತಿದ್ದರೆ ಮಹಡಿಯ ಕಿಟಕಿಗಳಲ್ಲೆಲ್ಲ ತಲೆಗಳು. ನಾಚಿಕೆಯಿಂದ ಸತ್ತು ಹೋಗಿದ್ದೆ. ಹದಿನೈದು ದಿನಕ್ಕೆ ನಾನೇ ನಿಮ್ಮನ್ನು ಹಿಂದೆ ಕೂರಿಸಿಕೊಂಡು ಮಂಡಈಯ ಕಾಯಿಪಲ್ಲೆ ಪೇಟೆಗೆ ಹೋಗಿ ಬದನೆಕಾಯಿ ತಂದೆ. ಆವತ್ತು ನೀವು ಕೆಳಗಿಳಿದಿರಿ. ಚೀಲ ನೀವೇ ಹೊತ್ತುಕೊಂಡು ಮೆಟ್ಟಿಲು ಹತ್ತಿದಿರಿ, ಅಷ್ಟೇ.

ಭಾನುವಾರಗಳಂದು ಪಾರ್ಕಿಂಗಿನಲ್ಲಿ ಹಳೆಯ ಪೇಪರು ಹಾಸಿ ಕಾರ್ಬುರೇಟರು ಬಿಚ್ಚಿ ತೋರಿಸುತ್ತಿದ್ದ ನಿಮ್ಮ ಕೈಗಳು ಈಗಲೂ ಕಣ್ಣಮುಂದೆ ಇವೆ. ಬೆರಳುಗಳು ದಪ್ಪ, ಆದರೆ ಪೆಟ್ರೋಲು ಚಿಮ್ಮುವ ಆ ಸಣ್ಣ ಜೆಟ್ಟನ್ನು ಎತ್ತಿ ಹಿಡಿದರೆ ಮುತ್ತು ಹಿಡಿದ ಹಾಗೆ. "ಎಂಜಿನ್ನಿಗೆ ಬೇಕಾದದ್ದು ಮೂರ, ತಂಗಿ. ಗಾಳಿ, ಪೆಟ್ರೋಲು, ಕಿಡಿ. ನಾಕನೇದ್ದು ಹುಡುಕ್ಲಿಕ್ಕೆ ಹೋಗಬ್ಯಾಡ" ಅನ್ನುತ್ತಿದ್ದಿರಿ. "ಅಂದಾಜಿನ ಮ್ಯಾಲೆ ಏನೂ ಬದಲಿ ಮಾಡಬ್ಯಾಡ. ಒಂದು ನೋಡು, ಓಡಿಸು, ಆಮ್ಯಾಲೆ ಇನ್ನೊಂದು ನೋಡು. ಮತ್ತ ಎಲ್ಲಾದಕ್ಕಿಂತ ಸುಲಭದ್ದು ಯಾವುದದ, ಅದನ್ನ ಮೊದಲ ನೋಡು." ಈ ಕಡೆಯ ಮಾತನ್ನು ನಾನು ಮರೆತೆ ನೋಡಿ. ನಾಲ್ಕು ವಾರ ಹೋದದ್ದು ಅದಕ್ಕೇ.

ಮೊದಲ ಸಲ ಗಾಡಿ ನಿಂತದ್ದು ಒಂದು ಮಂಗಳವಾರ. ಜಿಟಿಜಿಟಿ ಮಳೆ. ಪೂಲಿನ ಏರಿನಲ್ಲಿ ಬಂದ್ ಬಿತ್ತು. ಇವರಿಗೆ ತಳ್ಳಲಿಕ್ಕಾಗುವುದಿಲ್ಲ, ಎಡಗೈಗೆ ಸೂಜಿ ಹಾಕಲೆಂದು ಆಪರೇಶನ್ ಆಗಿ ನರ ಹಗ್ಗದ ಹಾಗೆ ಉಬ್ಬಿಕೊಂಡಿದೆ, ಅದರ ಮೇಲೆ ಭಾರ ಬೀಳಬಾರದು. ನಾನೇ ಬದಿಗೆ ತಳ್ಳಿದೆ. ಐದಾರು ಕಿಕ್ ಹೊಡೆದೆ, ಚಾಲೂ ಆಯಿತು, ರೇಸ್ ಕೊಟ್ಟೆ, ಮತ್ತೆ ಬಂದ್. ಮಳೆ ಜೋರಾಯಿತು. ಚಹಾದ ಗಾಡಿಯವನೊಬ್ಬ ತನ್ನ ತಾಡಪತ್ರಿಯ ಸೂರಿನ ಕೆಳಗೆ ಕರೆದ. ಅಲ್ಲಿ ಪೂಲಿನ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಇವರಿಗೆ ದಿನಕ್ಕೆ ಇಷ್ಟೇ ನೀರು ಅಂತ ಕಟ್ಟು. ಹಾಗಾಗಿ ಒಂದು ಚಹಾದಲ್ಲಿ ಎರಡು ಗುಟುಕು ಅವರಿಗೆ, ಉಳಿದದ್ದು ನನಗೆ. ಅರ್ಧ ತಾಸಿನ ಮೇಲಾದ ಮೇಲೆ ಗಾಡಿ ಹೇಗೋ ಎಳೆದುಕೊಂಡು ಹೋಯಿತು. ಆಸ್ಪತ್ರೆಯ ಸಿಸ್ಟರು ಗಡಿಯಾರ ತೋರಿಸಿ ಮರಾಠಿಯಲ್ಲಿ ಬೈದರು. ಮುಂದಿನ ಪಾಳಿಯ ರೋಗಿ ಆಗಲೇ ಬಂದು ಕಾಯುತ್ತಿರುತ್ತಾನೆ, ತಡವಾಗಿ ಬಂದವರಿಗೆ ತಾಸು ಕಡಿಮೆಯೇ ಸಿಗುವುದು. ಆವತ್ತು ಮೂರು ತಾಸಿಗೆ ಇಳಿಸಿದರು.

ಮರುದಿನವೇ ಗಾಡಿಯನ್ನು ಮೂಲೆಯ ಮೆಕ್ಯಾನಿಕ್ಕಿನ ಹತ್ತಿರ ಬಿಟ್ಟೆ. ಕಾರ್ಬುರೇಟರಿನಲ್ಲಿ ಕಸ ಸಿಕ್ಕಿತು. ತೊಳೆದು, ಊದಿ, ಹೊಸ ಪ್ಲಗ್ಗು ಹಾಕಿ, ತಾನೇ ಒಂದು ಸುತ್ತು ಹೊಡೆದು ಬಂದು "ಆತಾ ಕಾಹೀ ಪ್ರಾಬ್ಲೆಮ್ ನಾಹೀ, ವಹಿನಿ" ಅಂದ, ಇನ್ನೇನೂ ತೊಂದರೆಯಿಲ್ಲವಂತೆ. ಗುರುವಾರ ಕಚೇರಿಗೆ ಹೋಗಿ ಬಂದೆ, ಬೆಣ್ಣೆಯ ಹಾಗೆ ಓಡಿತು. ಶುಕ್ರವಾರ ಬೆಳಿಗ್ಗೆ ಅದೇ ಪೂಲು, ಅದೇ ಏರು, ಗಕ್! ಮತ್ತೆ ಅವನ ಹತ್ತಿರ ಹೋದೆ. ಓಡಿಸಿ ನೋಡಿದ, ಏನೂ ಇಲ್ಲ. ಮೂರನೆಯ ಸಲ ಹೋದಾಗ ಅವನಿಗೂ ಬೇಸರ ಬಂದಿತ್ತು. ಗಾಡಿಗೆ ಮುಪ್ಪು ಬಂದಿದೆ, "ವಿಕೂನ ಟಾಕಾ" ಅಂದುಬಿಟ್ಟ. ಮಾರಿಬಿಡಬೇಕಂತೆ. ನನಗೆ ಯಾಕೆ ಅಷ್ಟು ಸಿಟ್ಟು ಬಂತೋ ಗೊತ್ತಿಲ್ಲ. ನಿಮ್ಮನ್ನೇ ಅಂದ ಹಾಗೆ ಅನ್ನಿಸಿರಬೇಕು.

ರಿಕ್ಷಾದಲ್ಲಿ ಹೋಗೋಣ ಅಂತ ನಾನು ಹೇಳದೆ ಇರಲಿಲ್ಲ. "ಬ್ಯಾಡ, ರಿಕ್ಷಾದ ಧಕ್ಕಿಗೆ ಕೈ ನೋಯ್ತದ. ಗಾಡಿ ಮ್ಯಾಲೇ ಹೋಗೂಣು" ಅಂದರು ಇವರು. ಅವರ ಕೈ, ಅವರ ನೋವು, ನಾನೇನು ಹೇಳಲಿ? ಆದರೆ ತಡವಾದ ಹಾಗೆಲ್ಲ ಯಂತ್ರದ ಮೇಲಿನ ಹೊತ್ತು ಕಡಿಮೆಯಾಗುತ್ತಿತ್ತು. ಎರಡು ವಾರದೊಳಗೆ ಕಾಲು ಬಾತವು. ಚಪ್ಪಲಿಯ ಪಟ್ಟಿ ಪಾದದೊಳಗೆ ಕಚ್ಚಿಕೊಂಡು ಗುರುತು ಬೀಳತೊಡಗಿತು. ಎರಡನೇ ಮಹಡಿ ಹತ್ತಲಿಕ್ಕೆ ನಡುವೆ ಎರಡು ಸಲ ಕೂರುತ್ತಿದ್ದರು. ಮೈಯಲ್ಲಿ ನೀರು ನಿಂತರೆ ಎದೆಗೆ ಏರುತ್ತದೆ, ಆಮೇಲೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ ಅಂತ ಸಿಸ್ಟರು ನನ್ನನ್ನು ಬದಿಗೆ ಕರೆದು ಹೇಳಿದರು. ಒಂದು ಸ್ಕೂಟರು ರೇಸ್ ತೆಗೆದುಕೊಳ್ಳದ್ದಕ್ಕೆ ಮನುಷ್ಯ ಹೋಗಿಬಿಡಬಹುದೇ? ಕಚೇರಿಯಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದೆ. ಪಕ್ಕದ ಟೇಬಲ್ಲಿನವರು ನನ್ನನ್ನು ಎರಡು ಮೂರು ಸಲ ಕರೆದ ಮೇಲೆ ಕೇಳಿಸುತ್ತಿತ್ತು.

ಮೂರನೇ ವಾರದ ಭಾನುವಾರ ನಿಮ್ಮ ಹತ್ಯಾರಗಳ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆ. ಪಾರ್ಕಿಂಗಿನಲ್ಲಿ ಪೇಪರು ಹಾಸಿದೆ. ಮೊದಲು ಕಿಡಿ. ಪ್ಲಗ್ಗು ಬಿಚ್ಚಿ ಎಂಜಿನ್ನಿನ ಮೈಗೆ ತಾಗಿಸಿ ಕಿಕ್ ಹೊಡೆದೆ, ನೀಲಿ ಕಿಡಿ ಚಟ್ ಅಂತ ಹಾರಿತು. ಆಮೇಲೆ ಗಾಳಿ. ಫಿಲ್ಟರು ತೊಳೆದು ಒಣಗಿಸಿ ಹಾಕಿದೆ. ಸೈಲೆನ್ಸರಿನಲ್ಲಿ ಮಸಿ ಕಟ್ಟಿರಬಹುದು ಅಂತ ಅದನ್ನೂ ಬಿಚ್ಚಿದೆ, ಹಾದಿ ಸಾಫಿತ್ತು. ಆಮೇಲೆ ಪೆಟ್ರೋಲು. ಟಾಕಿಯ ಮುಚ್ಚಳದ ಸಣ್ಣ ತೂತಿಗೆ ಸೂಜಿ ಹಾಕಿ ನೋಡಿದೆ. ಪೈಪು ಕಳಚಿ ಬಾಟಲಿಗೆ ಬಿಟ್ಟೆ, ಧಾರೆ ಕಟ್ಟಿ ಸುರಿಯಿತು. ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿದೆ, ತೂತು ಚೊಕ್ಕವಾಗಿತ್ತು. ಎಲ್ಲ ಜೋಡಿಸಿ ಏಳುವ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು. ಸೊಂಟ ಹಿಡಿದುಕೊಂಡಿತ್ತು. ಉಗುರಿನ ಸಂದಿನ ಮಸಿ ಸಾಬೂನಿಗೂ ಹೋಗಲಿಲ್ಲ. ಮೇಲೆ ನೋಡಿದರೆ ಇವರು ಗ್ಯಾಲರಿಯ ಕುರ್ಚಿಯಲ್ಲಿ ಕೂತಿದ್ದರು. ಕೈಯಲ್ಲಿ ಪುಸ್ತಕವಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು. "ಬಾ, ಉಣ್ಣೂಣು" ಅಂದರು. ದನಿ ಹೇಗೋ ಇತ್ತು. ದಣಿದವಳು ಅದನ್ನೆಲ್ಲ ಯಾಕೆ ಗಮನಿಸಬೇಕು?

ಆ ಮಂಗಳವಾರ ಪ್ಲಗ್ಗು ಬಿಚ್ಚುವ ಪಾನಾ ಚೀಲದಲ್ಲಿಟ್ಟುಕೊಂಡೇ ಹೊರಟೆ. ಪೂಲಿನ ಮೇಲೆ ನಿಂತ ಕೂಡಲೇ ಪ್ಲಗ್ಗು ಬಿಚ್ಚಿದೆ. ಒಣಗಿ ಬಿಳಿಚಿಕೊಂಡಿತ್ತು. ಅಂದರೆ ಎಂಜಿನ್ನಿಗೆ ಪೆಟ್ರೋಲು ಸಾಲುತ್ತಿಲ್ಲ. ಭಾನುವಾರ ಧಾರೆ ಕಟ್ಟಿದ್ದ ಪೆಟ್ರೋಲು ಮಂಗಳವಾರ ಎಲ್ಲಿ ಹೋಯಿತು? ಮನೆಗೆ ಬಂದು ಗೋಡೆಯ ಕ್ಯಾಲೆಂಡರ್ ಮುಂದೆ ನಿಂತೆ. ಗಾಡಿ ನಿಂತ ದಿನಗಳೆಲ್ಲ ಮಂಗಳವಾರ ಇಲ್ಲವೇ ಶುಕ್ರವಾರ. ಪ್ರತಿ ಸಲವೂ ನಿಂತಿರಲಿಲ್ಲ, ಆದರೆ ಬೇರೆ ಯಾವ ದಿನವೂ ನಿಂತಿರಲಿಲ್ಲ. ಹಿಂದೆ ಆಳು ಕೂತರೆ ಭಾರಕ್ಕೆ ನಿಲ್ಲುತ್ತಿದೆಯೇನೋ ಅನ್ನಿಸಿತು. ಬುಧವಾರ ಬೆಳಿಗ್ಗೆ ಅದೇ ಆರೂವರೆಗೆ ಎದುರು ಮನೆಯಾಕೆ ಕಾಕೂ ಅವರನ್ನು ಕೂರಿಸಿಕೊಂಡು ಹೊರಟೆ. ಅವರು ಇವರಿಗಿಂತ ಒಂದೂವರೆ ಪಟ್ಟು ಇದ್ದಾರೆ, ನಿಮಗೆ ಗೊತ್ತೇ ಇದೆ. "ಅಗಂ ಶಾರದಾ, ಮಲಾ ಪಾಡಶೀಲ!" ಅಂತ, ಬೀಳಿಸಿಬಿಡುತ್ತೀಯಾ ಅಂತ, ಸೊಂಟ ಗಟ್ಟಿಯಾಗಿ ಹಿಡಿದುಕೊಂಡು ದಾರಿಯುದ್ದಕ್ಕೂ ದೇವರ ಹೆಸರು ಹೇಳಿದರು. ಗಾಡಿ ಪೂಲನ್ನು ಹತ್ತಿ ಇಳಿದು ಬಂತು. ಒಂದು ಸಲವೂ ಕೆಮ್ಮಲಿಲ್ಲ.

ಶುಕ್ರವಾರ ಪೂಲಿನ ಮೇಲೆ ನಿಂತಾಗ ಕಿಕ್ ಹೊಡೆಯಲಿಕ್ಕೂ ನನಗೆ ಶಕ್ತಿಯಿರಲಿಲ್ಲ. ಇವರನ್ನು ಚಹಾದವನ ಹತ್ತಿರ ಕೂರಿಸಿ ಬಂದು ಗಾಡಿಯ ಪಕ್ಕ ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತೆ. ಹಾಗೆ ಕೂತಾಗ ಸೀಟಿನ ಕೆಳಗಿನ ಪೆಟ್ರೋಲ್ ಕಾಕ್, ಟಾಕಿಯ ನಲ್ಲಿ, ಕಣ್ಣೆದುರಿಗೇ ಬಂತು. ಅದು ಪೂರ್ತಿ ತೆರೆದೂ ಇರಲಿಲ್ಲ, ಪೂರ್ತಿ ಮುಚ್ಚಿಯೂ ಇರಲಿಲ್ಲ, ಅರ್ಧಕ್ಕೆ ನಿಂತಿತ್ತು. ಸೋಮವಾರ ಸೋಮವಾರ ಟಾಕಿ ತುಂಬಿಸುವವಳು ನಾನು, ರಿಸರ್ವಿಗೆ ತಿರುಗಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಭಾನುವಾರ ಪೂರ್ತಿ ತೆರೆದೇ ಇಟ್ಟಿದ್ದೆ, ಆಮೇಲೆ ಆ ಕಡೆ ನೋಡಬೇಕು ಅಂತಲೂ ಹೊಳೆದಿರಲಿಲ್ಲ. ಎಲ್ಲದಕ್ಕಿಂತ ಸುಲಭದ್ದು ಅದೇ ಇತ್ತು. ಅರ್ಧ ತೆರೆದ ಕಾಕ್ ಸಾವಕಾಶ ಓಡುವಷ್ಟು ಪೆಟ್ರೋಲು ಬಿಡುತ್ತದೆ. ಏರಿನಲ್ಲಿ ರೇಸ್ ಕೊಟ್ಟರೆ ಸಾಲುವುದಿಲ್ಲ. ಸ್ವಲ್ಪ ಹೊತ್ತು ನಿಂತರೆ ತೊಟ್ಟಿಕ್ಕಿ ಮತ್ತೆ ತುಂಬಿಕೊಳ್ಳುತ್ತದೆ. ಬೆರಳಿನಿಂದ ಪೂರ್ತಿ ತಿರುಗಿಸಿದೆ. ಗಾಡಿ ಗುಯ್ಯೆಂದು ಹೊರಟಿತು. ಆದರೆ ಆ ಕಾಕ್ ಎಷ್ಟು ಬಿಗಿ ಅಂತ ನಿಮಗೆ ಗೊತ್ತಲ್ಲ ಮಾವನವರೇ, ಒತ್ತಿ ತಿರುಗಿಸದೆ ಅದು ಅಲುಗಾಡುವುದಿಲ್ಲ. ಆಸ್ಪತ್ರೆಯಲ್ಲಿ ಅವರ ಕೈಗೆ ಸೂಜಿ ಚುಚ್ಚುವುದನ್ನು ನೋಡುತ್ತ ನಿಂತಿದ್ದೆ, ತಲೆಯಲ್ಲಿ ಒಂದೇ ಪ್ರಶ್ನೆ, ತಿರುಗಿಸಿದವರು ಯಾರು…

ಮುಂದಿನ ಮಂಗಳವಾರ ಬೆಳಿಗ್ಗೆ ಎಂದಿನ ಹಾಗೆ "ನಾ ಮುಂದ ಇಳೀತಿರ್ತೀನಿ, ನೀ ಕೀಲಿ ಹಾಕ್ಕೊಂಡು ಬಾ" ಅಂದರು. ಮೆಟ್ಟಿಲಿಳಿಯಲು ಅವರಿಗೆ ಹೊತ್ತು ಬೇಕು, ಹಾಗಾಗಿ ಯಾವಾಗಲೂ ಅವರೇ ಮುಂದೆ. ನಾನು ಕೀಲಿ ಹಾಕಿ, ಚಪ್ಪಲಿ ಕೈಯಲ್ಲಿ ಹಿಡಿದು, ಮೊದಲನೇ ಮಹಡಿಯ ತಿರುವಿನ ಜಾಲಿಗಿಂಡಿಯಿಂದ ಕೆಳಗೆ ನೋಡಿದೆ. ಅವರು ಗಾಡಿಯ ಹತ್ತಿರ ಬಂದರು. ಸುಧಾರಿಸಿಕೊಂಡರು. ಬಾತ ಕಾಲನ್ನು ಪ್ರಯಾಸದಿಂದ ಮಡಚಿ, ಬಗ್ಗಿ, ಬಲಗೈಯನ್ನು ಸೀಟಿನ ಕೆಳಗೆ ಚಾಚಿದರು. ಚಪ್ಪಲಿ ಕೈಯಲ್ಲೇ ಹಿಡಿದು ಇಳಿದೆ.

"ಏನು ಮಾಡ್ಲಿಕತ್ತೀರಿ?" ಅಂತ ಕೇಳಿದೆ.

ಅವರು ಬೆಚ್ಚಲಿಲ್ಲ. ಕಾಕ್ ಮೇಲಿನ ಕೈ ತೆಗೆಯಲೂ ಇಲ್ಲ. "ಸಿಕ್ಕಬಿದ್ದೆ" ಅಂದರು.

"ಯಾಕ್ರೀ?"

"ಆಸ್ಪತ್ರಿಗೆ ಬರಂಗಿಲ್ಲ ಅಂತ ನಿನಗ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ ಶಾರದಾ. ನೀ ಐದಕ್ಕ ಎದ್ದು ಡಬ್ಬಿ ಕಟ್ಟಿ, ರೇನ್‌ಕೋಟ್ ಹಾಕ್ಕೊಂಡು ಬಾಗಿಲದಾಗ ನಿಂತಿರ್ತಿ. ಅಂಥಾಕೀಗೆ ನಾ ಏನಂತ ಹೇಳ್ಲಿ? ಗಾಡೀನ ಹೇಳ್ಲಿ ಅಂತ ಬಿಟ್ಟೆ."

"ನಿಮ್ಮ ಕಾಲು ನೋಡ್ಕೊಂಡೀರಿ? ಸಿಸ್ಟರ್ ಏನಂದ್ರು ಗೊತ್ತದ ಏನು ನಿಮಗ? ನೀರು ಎದಿಗೆ ಏರಿದ್ರ?"

"ಗೊತ್ತದ."

"ಗೊತ್ತಿದ್ದೂ ಹಿಂಗ ಮಾಡಿದ್ರಿ?"

ಅವರು ಗಾಡಿಯ ಸೀಟಿನ ಮೇಲೆ ಅಡ್ಡಲಾಗಿ ಕೂತರು. "ಮೊದಲನೇ ಸಲ ನಾ ಏನೂ ಮಾಡಿರ್ಲಿಲ್ಲ. ಖರೇನ ಕೆಟ್ಟಿತ್ತು. ಅವತ್ತ ಪೂಲಿನ ಕಟ್ಟಿ ಮ್ಯಾಲೆ ಕೂತ್ವಿ ನೋಡು, ನೀ ಏನೋ ಹೇಳಿ ನಕ್ಕಿ. ಏನು ಹೇಳಿದಿ ಅಂತ ನೆನಪಿಲ್ಲ. ಆದ್ರ ನಕ್ಕಿ. ಆಸ್ಪತ್ರಿ ಮುಟ್ಟಿದ ಮ್ಯಾಲೆ ನೀ ನಗಂಗಿಲ್ಲ. ಮನಿ ಮುಟ್ಟಿದ ಮ್ಯಾಲೂ ನಗಂಗಿಲ್ಲ. ನಡುವ ಎಲ್ಲೆರೆ ಒಂದೀಟು ನಿಂತ್ರ…" ಅಂದರು.

ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಇಡೀ ಪಾರ್ಕಿಂಗಿಗೆ ಕೇಳುವ ಹಾಗೆ ಕೂಗಿದೆ. "ನಾಕು ವಾರ ನಾ ಇದರ ಹಿಂದ ಬಿದ್ದೀನಿ. ಕಾರ್ಬುರೇಟರ್ ಬಿಚ್ಚೀನಿ, ಸೈಲೆನ್ಸರ್ ಬಿಚ್ಚೀನಿ. ನೀವು ಮ್ಯಾಲೆ ಕೂತು ನೋಡ್ಕೋತ ಇದ್ರಿ!"

"ಹೂಂ. ಅವತ್ತ ಭಾಳ ನಾಚಿಕಿ ಬಂತು" ಅಂದರು. "ಆಸ್ಪತ್ರಿ ಮುಟ್ಟಿದ ಮ್ಯಾಲೆ ನೀ ನಂಬರ್ ಹಚ್ಚಲಿಕ್ಕೆ ಒಳಗ ಹೋಗ್ತಿ ನೋಡು, ಆವಾಗ ಪೂರಾ ತಿರುವಿ ಬಿಡ್ತಿದ್ದೆ. ನೀ ಆಫೀಸಿಗೆ ಹೋಗೂದಿರ್ತದ, ಹಾದ್ಯಾಗ ನಿಲ್ಲಬಾರದು ಅಂತ."

ಕಾಕ್ ಇಷ್ಟೇ ತಿರುಗಿಸಿದರೆ ಪೂಲಿನ ತನಕ ಮಾತ್ರ ಬರುತ್ತದೆ ಅಂತ ಹೇಗೆ ಗೊತ್ತು ಅಂತ ಇವರನ್ನು ಕೇಳಿದೆ. ಇದನ್ನು ನೀವು ಕೇಳಿಸಿಕೊಳ್ಳಲೇಬೇಕು ಮಾವನವರೇ. "ನೀವಿಬ್ರೂ ಕೆಳಗ ಕೂತು ರಿಪೇರಿ ಮಾಡ್ತಿದ್ರಿ. ನಾ ಮ್ಯಾಲೆ ಕೇಳ್ಕೋತ ಕೂಡ್ತಿದ್ದೆ. ಅಪ್ಪನ ದನಿ ಗ್ಯಾಲರಿ ತನಕ ಬರ್ತಿತ್ತಲ್ಲ" ಅಂದರು. ಹಾಗಾದರೆ ಕೆಳಗೆ ಯಾಕೆ ಬರಲಿಲ್ಲ ಅಂದೆ. "ಅವರು ಕರೀಲಿಲ್ಲ" ಅಂದರು. ಇದನ್ನು ನಿಮ್ಮನ್ನು ಚುಚ್ಚಲಿಕ್ಕೆ ಬರೆಯುತ್ತಿಲ್ಲ. ನಾನೂ ಕರೆಯಲಿಲ್ಲ ಅಲ್ಲವೇ? ನಾವಿಬ್ಬರೂ ಸೇರಿ ಅವರಿಗೆ ಇದೆಲ್ಲ ಬೇಡ ಅಂತ ತೀರ್ಮಾನ ಮಾಡಿಬಿಟ್ಟಿದ್ದೆವು.

ಈಗ ಬರೆಯುವುದನ್ನು ಯಾರಿಗೂ ಹೇಳಿಲ್ಲ. ಇವರಿಗೂ ಹೇಳಿಲ್ಲ. ಮೊದಲ ಮಂಗಳವಾರ ಪೂಲಿನ ಮೇಲೆ ಗಾಡಿ ನಿಂತಿತಲ್ಲ, ಎಂಜಿನ್ನಿನ ಸದ್ದು ನಿಂತ ಆ ಗಳಿಗೆ, ಏನು ಕೆಟ್ಟಿತು ಅಂತ ಯೋಚಿಸುವುದಕ್ಕೂ ಮೊದಲು, ನನ್ನ ಮನಸ್ಸಿನೊಳಗೆ "ಸದ್ಯ" ಅಂತ ಬಂತು. ಇವತ್ತು ಹೋಗುವುದು ತಪ್ಪಿತು, ಸದ್ಯ. ಅಷ್ಟೇ ಬಂದದ್ದು, ಅದಕ್ಕಿಂತ ಮುಂದಕ್ಕೆ ಏನೂ ಬರಲಿಲ್ಲ. ಆದರೂ ಹೆಂಡತಿಯಾದವಳ ಮನಸ್ಸಿನಲ್ಲಿ ಅಂಥದ್ದು ಬರಬಹುದೇ? ಆಮೇಲೆ ನಾಲ್ಕು ವಾರ ಆ ಗಾಡಿಯ ಹಿಂದೆ ಹಾಗೆ ಬಿದ್ದದ್ದು ಅವರಿಗೋಸ್ಕರವೋ, ಆ ಒಂದು ಮಾತನ್ನು ಅಳಿಸಿಹಾಕಲಿಕ್ಕೋ, ನನಗೇ ತಿಳಿಯುವುದಿಲ್ಲ. ಪಾರ್ಕಿಂಗಿನಲ್ಲಿ ಅವರನ್ನು ಬೈಯುತ್ತಿದ್ದಾಗ ನಡುವೆಯೇ ಇದು ನೆನಪಾಯಿತು. ದನಿ ತಾನಾಗಿಯೇ ಇಳಿದುಹೋಯಿತು. ಯಾವ ಮುಖ ಹೊತ್ತು ಬೈಯಲಿ? ಕಾಕ್ ಪೂರ್ತಿ ತಿರುಗಿಸಿದೆ, ಕಿಕ್ ಹೊಡೆದೆ, "ಕೂಡ್ರಿ" ಅಂದೆ. ಕೂತರು. ಅವರ ಬಲಗೈ ನನ್ನ ಹೆಗಲ ಮೇಲಿತ್ತು. ಆವತ್ತು ನಾಲ್ಕು ತಾಸೂ ಸಿಕ್ಕಿತು.

ಅದೇ ಸಂಜೆ ಕಾಯಿಪಲ್ಲೆ ಸೋಸುತ್ತ ಕೂತಾಗ ಇವರು ತಾವಾಗಿಯೇ ಮಾತು ತೆಗೆದರು. "ಶುಕ್ರವಾರಕ್ಕ ನಾ ಒಬ್ಬನ ಹೋಗಿ ಬರ್ತೀನಿ. ಹೋಗೋವಾಗ ಬಸ್ಸು, ಬರೋವಾಗ ರಿಕ್ಷಾ. ಮಂಗಳವಾರ ನೀ ಬಾ. ಎರಡೂ ದಿನ ನೀ ಬರಬ್ಯಾಡ."

"ರಿಕ್ಷಾದ ಧಕ್ಕಿ?" ಅಂದೆ.

"ಅದು ಸುಳ್ಳು" ಅಂದರು.

ಬೇಡ ಅಂದೆ. ಬಸ್ಸಿನಲ್ಲಿ ಯಾರಾದರೂ ಕೈಗೆ ತಾಗಿದರೆ? ಬರುವಾಗ ತಲೆ ಸುತ್ತಿದರೆ? "ನೀ ಬ್ಯಾಡ ಅಂದ್ರ ಹೋಗಂಗಿಲ್ಲ. ಆದ್ರ ನಿನ್ನ ಮುಖಾ ನೋಡ್ಕೊಂಡು ಆ ಖುರ್ಚಿ ಮ್ಯಾಲೆ ಕೂಡೂದು ನನಗ ಆಗಂಗಿಲ್ಲ. ಸೂಜಿದ್ದು ಅಭ್ಯಾಸ ಆಗ್ಯದ. ನಿನ್ನ ಮುಖದ್ದು ಆಗಿಲ್ಲ" ಅಂದರು. ಇಷ್ಟು ವರ್ಷದಲ್ಲಿ ಅವರು ನನಗೆ ಇಷ್ಟು ಮಾತನ್ನು ಒಮ್ಮೆಗೇ ಹೇಳಿದ್ದು ಅದೇ ಮೊದಲು. ನಾನು ಹೂಂ ಅನ್ನದೆ ಏನು ಮಾಡಲಿ?

ಡಾಕ್ಟರು ಇಷ್ಟು ದಿನ, ಇಷ್ಟು ವರ್ಷ ಅಂತ ಏನೂ ಹೇಳುವುದಿಲ್ಲ. ನಾನೂ ಕೇಳುವುದನ್ನು ಬಿಟ್ಟಿದ್ದೇನೆ. ಕಾಲಿನ ಬಾವು ಇಳಿದಿದೆ. ಗ್ರಂಥಾಲಯಕ್ಕೆ ವಾರದಲ್ಲಿ ಮೂರು ದಿನ ಹೋಗಿ ಬರುತ್ತಾರೆ. ನನ್ನ ದಣಿವು ಹೋಗಿಲ್ಲ, ಅದು ಹೋಗುವಂಥದ್ದಲ್ಲ. ಮೂಳೆಯೊಳಗೆ ಮನೆ ಮಾಡಿಕೊಂಡಿದೆ. ಇನ್ನೊಂದು ಮಳೆಗಾಲ ಹೀಗೇ ನಡೆಯಬಹುದು, ನಡೆಯದೆಯೂ ಇರಬಹುದು. ಅದನ್ನು ನಿಮಗೆ ಸಿಹಿ ಮಾಡಿ ಬರೆಯಲಾರೆ. ಆದರೆ ಅವರು ಒಬ್ಬರೇ ಹೋದ ಮೊದಲ ಶುಕ್ರವಾರದ ಸುದ್ದಿ ನಿಮಗೆ ಮುಟ್ಟಬೇಕು. ಅದಕ್ಕೇ ಇಷ್ಟೆಲ್ಲ ಬರೆದದ್ದು.

ಆವತ್ತು ಕಚೇರಿಗೆ ರಜೆ ಹಾಕಿ ಫೋನಿನ ಪಕ್ಕ ಕೂತಿದ್ದೆ. ಏಳಕ್ಕೆ ಹತ್ತು ನಿಮಿಷವಿರುವಾಗ ಆಸ್ಪತ್ರೆಯೆದುರಿನ ಬೂತಿನಿಂದ ಫೋನು ಬಂತು. "ಮುಟ್ಟೀನಿ. ಬಸ್ಸಿನ್ಯಾಗ ಸೀಟೂ ಸಿಕ್ತು" ಅಂದರು. ರಿಸೀವರ್ ಇಟ್ಟು, ಐದು ನಿಮಿಷ ಬೆನ್ನು ಚಾಚೋಣ ಅಂತ ಅಲ್ಲೇ ದಿವಾನಿನ ಮೇಲೆ ಉರುಳಿದೆ. ಬಾಗಿಲು ಬಡಿಯುವ ಸದ್ದಿಗೆ ಎಚ್ಚರವಾದಾಗ ಹನ್ನೆರಡು ಗಂಟೆಯ ಬಿಸಿಲು ಒಳಗೆ ಬಿದ್ದಿತ್ತು. ಮೈಯೆಲ್ಲ ಹೊರಳಲಾರದಷ್ಟು ಭಾರ. ಬಾಗಿಲು ತೆರೆದರೆ ಇವರು ನಿಂತಿದ್ದರು, ಎಡತೋಳಿಗೆ ಹತ್ತಿಯ ಪಟ್ಟಿ. ಹಿಂದೆ ಎದುರು ಮನೆಯ ಕಾಕೂ ಗಾಬರಿ ಮುಖ ಮಾಡಿಕೊಂಡು ನಿಂತಿದ್ದರು. ಎಷ್ಟೋ ಹೊತ್ತಿನಿಂದ ಬೆಲ್ಲು ಹೊಡೆಯುತ್ತಿದ್ದರಂತೆ. ಅಡಿಗೆ ಆಗಿರಲಿಲ್ಲ, ಅಕ್ಕಿ ಕೂಡ ತೊಳೆದಿರಲಿಲ್ಲ.

"ಮುಗದ ಮ್ಯಾಲೆ ಮತ್ತ ಫೋನ್ ಮಾಡಿದ್ದೆ" ಅಂದರು ಒಳಗೆ ಬಂದು, ಚಪ್ಪಲಿ ಬಿಡುತ್ತ. "ನೀ ಎತ್ತಲಿಲ್ಲ. ಮಲಗಿರ್ಬೇಕು ಅಂದ್ಕೊಂಡೆ. ರಿಕ್ಷಾದಾಗ ಮನೀ ತನಕ ಅದನ್ನ ನೆನಸ್ಕೋತ ಬಂದೆ ಶಾರದಾ, ನೀ ಮಲಗೀದಿ ಅಂತ."

ನಿಮ್ಮ ಸೊಸೆ,
ಶಾರದಾ